ಅಂಚಿನ ಎರಡು ಸೆಂಟಿಮೀಟರ್: ಟೊಕಾಮಾಕ್ ಪ್ಲಾಸ್ಮಾದ ಸ್ಥಿರತೆಯನ್ನು ಲೆಕ್ಕ ಹಾಕಿದ ನನ್ನ ಅನುಭವ

ನನಗೆ ಮೊದಲು ಒಪ್ಪಿಸಿದ ಕೆಲಸ ಕೇಳುವುದಕ್ಕೆ ಸರಳವಾಗಿತ್ತು. ಮಧ್ಯಮ ಗಾತ್ರದ ಟೊಕಾಮಾಕ್ ಒಂದರಲ್ಲಿ, ಎಂದರೆ ಅತಿ ಬಿಸಿಯಾದ ವಿದ್ಯುದಾವಿಷ್ಟ ಅನಿಲವಾದ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಉಂಗುರದಾಕಾರದಲ್ಲಿ ಹಿಡಿದಿಡುವ ಸಮ್ಮಿಲನ ಯಂತ್ರದಲ್ಲಿ, ಅದಾಗಲೇ ನಡೆದಿದ್ದ ಒಂದು ಶಾಟ್‌ನ (ಒಂದು ಬಾರಿಯ ಪ್ರಯೋಗದ) ಅಳತೆಗಳನ್ನು ತೆಗೆದುಕೊಂಡು, ಅದರ ಪ್ಲಾಸ್ಮಾದ ಅಂಚು ಸ್ಥಿರವಾಗಿತ್ತೇ ಇಲ್ಲವೇ ಎಂಬುದನ್ನು ಲೆಕ್ಕದ ಮೂಲಕ ತೋರಿಸಬೇಕಾಗಿತ್ತು. ಉತ್ತರವೇನೋ ಮೊದಲೇ ಗೊತ್ತಿತ್ತು. ಆ ಪ್ಲಾಸ್ಮಾದ ಅಂಚು ಸೆಕೆಂಡಿಗೆ ಸುಮಾರು 40 ಬಾರಿ ಒಡೆಯುತ್ತಿತ್ತು, ಪ್ರತಿ ಬಾರಿಯೂ ಒಂದಿಷ್ಟು ಶಕ್ತಿಯನ್ನೂ ಕಣಗಳನ್ನೂ ಹೊರಗೆ ಚೆಲ್ಲುತ್ತಿತ್ತು. ಒಡೆಯುವ ಕ್ಷಣಕ್ಕೆ ಸ್ವಲ್ಪ ಮೊದಲಿನ ಸ್ಥಿತಿಯನ್ನು ಲೆಕ್ಕಕ್ಕೆ ಕೊಟ್ಟರೆ ಅದು ಅಸ್ಥಿರತೆಯ ಗಡಿಯ ಮೇಲೆಯೇ ನಿಂತಿರಬೇಕು. ಆದರೆ ನನ್ನ ಲೆಕ್ಕ ತಿಂಗಳುಗಟ್ಟಲೆ ಬೇರೆಯದನ್ನೇ ಹೇಳುತ್ತಿತ್ತು: ಈ ಪ್ಲಾಸ್ಮಾ ಪೂರ್ತಿ ಸ್ಥಿರವಾಗಿದೆ, ಅಂಚಿನ ಒತ್ತಡದ ಇಳಿಜಾರನ್ನು ಇನ್ನೂ ಒಂದೂವರೆ ಪಟ್ಟು ಹೆಚ್ಚಿಸಿದರೂ ತಡೆದುಕೊಳ್ಳುತ್ತದೆ. ಕಣ್ಣೆದುರಿಗೆ ಒಡೆಯುತ್ತಿರುವುದನ್ನು ಒಡೆಯಲಾರದು ಎನ್ನುವ ಲೆಕ್ಕವನ್ನು ಸರಿಪಡಿಸುವ ದಾರಿಯಲ್ಲಿ ನಾನು ಕಲಿತದ್ದು, ಸ್ಥಿರತೆಯ ಸಮೀಕರಣಗಳನ್ನು ಬಿಡಿಸುವ ಪ್ರೋಗ್ರಾಂಗಿಂತ ಅದಕ್ಕೆ ಕೊಡುವ ಒತ್ತಡದ ರೇಖೆಯನ್ನು ಸಿದ್ಧಪಡಿಸುವುದರಲ್ಲೇ ಈ ಕೆಲಸದ ಬಹುಪಾಲು ಅಡಗಿದೆ ಎಂಬುದನ್ನು. ಅದೇ ಕೆಲಸ ಮಾಡುವವರಿಗೆ, ಮಾಡಬೇಕೆಂದಿರುವವರಿಗೆ ಉಪಯೋಗವಾಗಲಿ ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅಂಚು ಎಂದರೆ ಯಾವ ಭಾಗ, ಅದಕ್ಕೆ ಇಷ್ಟು ಮಹತ್ವ ಏಕೆ ಎಂಬುದನ್ನು ಮೊದಲು ಹೇಳಬೇಕು. 1982ರಲ್ಲಿ ಜರ್ಮನಿಯ ಗಾರ್ಶಿಂಗ್‌ನಲ್ಲಿದ್ದ ಆಸ್‌ಡೆಕ್ಸ್ ಯಂತ್ರದಲ್ಲಿ ಫ್ರಿಟ್ಜ್ ವಾಗ್ನರ್ ಮತ್ತು ಅವರ ಸಂಗಡಿಗರು ಒಂದು ಅನಿರೀಕ್ಷಿತ ಬದಲಾವಣೆಯನ್ನು ಕಂಡರು. ಪ್ಲಾಸ್ಮಾಕ್ಕೆ ಕೊಡುವ ಶಕ್ತಿಯನ್ನು ಒಂದು ಮಿತಿಯ ಆಚೆಗೆ ಹೆಚ್ಚಿಸಿದಾಗ ಅಂಚಿನ ಪ್ರಕ್ಷುಬ್ಧತೆ ಥಟ್ಟನೆ ತಗ್ಗಿ, ಶಕ್ತಿಯನ್ನು ಹಿಡಿದಿಡುವ ಸಾಮರ್ಥ್ಯ ಸುಮಾರು ಎರಡು ಪಟ್ಟಾಯಿತು. ಇದಕ್ಕೆ ಎಚ್-ಮೋಡ್ ಎಂಬ ಹೆಸರು ಬಂತು. ಈ ಸ್ಥಿತಿಯಲ್ಲಿ ಪ್ಲಾಸ್ಮಾದ ಹೊರ ಅಂಚಿನ ಕೆಲವೇ ಸೆಂಟಿಮೀಟರ್‌ಗಳಲ್ಲಿ ಉಷ್ಣತೆ ಮತ್ತು ಸಾಂದ್ರತೆ ಕಡಿದಾಗಿ ಏರುತ್ತವೆ, ಅಲ್ಲಿಂದ ಒಳಕ್ಕೆ ಏರಿಕೆ ನಿಧಾನವಾಗುತ್ತದೆ. ರೇಖೆಯಾಗಿ ಬರೆದರೆ ಒಳಗಿನ ಭಾಗವೆಲ್ಲ ಒಂದು ಪೀಠದ ಮೇಲೆ ಕುಳಿತಂತೆ ಕಾಣುವುದರಿಂದ ಆ ಕಡಿದಾದ ಭಾಗಕ್ಕೆ ಪೆಡೆಸ್ಟಲ್ ಎನ್ನುತ್ತಾರೆ. ಒಳಗಿನ ಉಷ್ಣತೆಯ ಇಳಿಜಾರು ಪ್ರಕ್ಷುಬ್ಧತೆಯ ಹಿಡಿತದಲ್ಲಿರುತ್ತದೆ, ಎಷ್ಟು ಶಕ್ತಿ ಸುರಿದರೂ ಅದು ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಪೀಠ ಎಷ್ಟು ಎತ್ತರವಾಗುತ್ತದೋ ನಡುವಿನ ಉಷ್ಣತೆಯೂ ಅದಕ್ಕೆ ತಕ್ಕಂತೆ ಮೇಲೇರುತ್ತದೆ. ಸಮ್ಮಿಲನದಿಂದ ಎಷ್ಟು ಶಕ್ತಿ ಹುಟ್ಟುತ್ತದೆ ಎಂಬುದು ಕೊನೆಗೆ ಹೊರಗಿನ ಈ ತೆಳುವಾದ ಪದರ ಎಷ್ಟು ಒತ್ತಡವನ್ನು ಹೊರಬಲ್ಲದು ಎಂಬುದರ ಮೇಲೆ ನಿಲ್ಲುತ್ತದೆ.

ಆ ಪದರಕ್ಕೂ ಒಂದು ಮಿತಿಯಿದೆ. ಅದನ್ನು ದಾಟಿದಾಗ ಅಂಚು ಸಿಡಿದು, ನೂರಾರು ಮೈಕ್ರೊಸೆಕೆಂಡ್‌ಗಳಲ್ಲಿ ಪೆಡೆಸ್ಟಲ್‌ನ ಒಂದು ಪಾಲು ಕುಸಿಯುತ್ತದೆ. ಇದನ್ನು ಎಲ್ಮ್ ಎಂದು ಕರೆಯುತ್ತೇವೆ. ಇವುಗಳಲ್ಲಿ ದೊಡ್ಡ ಬಗೆಯವನ್ನು ಒಂದನೆಯ ಬಗೆಯ ಎಲ್ಮ್‌ಗಳು ಎನ್ನುತ್ತಾರೆ, ಕೊಡುವ ಶಕ್ತಿ ಹೆಚ್ಚಿದಷ್ಟೂ ಅವು ಬೇಗಬೇಗ ಬರುತ್ತವೆ ಎಂಬುದು ಅವುಗಳ ಗುರುತು. ಇಂದಿನ ಯಂತ್ರಗಳು ಇವನ್ನು ತಾಳಿಕೊಳ್ಳುತ್ತವೆ. ದಕ್ಷಿಣ ಫ್ರಾನ್ಸಿನಲ್ಲಿ ಕಟ್ಟಲಾಗುತ್ತಿರುವ ದೊಡ್ಡ ಟೊಕಾಮಾಕ್ ಐಟರ್‌ನಲ್ಲಿ ಹಾಗಾಗುವುದಿಲ್ಲ. 15 ಮೆಗಾಆಂಪಿಯರ್ ಪ್ರವಾಹದ ಪ್ಲಾಸ್ಮಾದಲ್ಲಿ ಎಲ್ಮ್‌ಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಒಂದೊಂದೂ ಸುಮಾರು 20 ಮೆಗಾಜೂಲ್ ಹೊರಚೆಲ್ಲಬಹುದೆಂಬ ಅಂದಾಜಿದೆ, ಆದರೆ ಹೊರಬಿದ್ದ ಶಕ್ತಿಯನ್ನೂ ಕಣಗಳನ್ನೂ ಬರಮಾಡಿಕೊಳ್ಳುವ ಭಾಗವಾದ ಡೈವರ್ಟರ್‌ನ ಟಂಗ್‌ಸ್ಟನ್ ಮೇಲ್ಮೈ ಕರಗದೆ ಬಾಳಬೇಕಾದರೆ ಅದು ಒಂದು ಮೆಗಾಜೂಲ್‌ನ ಒಳಗೆ ಇರಬೇಕು. ಹೀಗೆ ಪೀಠವನ್ನು ಎತ್ತರಿಸಬೇಕೆಂಬ ಬಯಕೆಯೂ ಅದು ಒಡೆಯಬಾರದೆಂಬ ಬಯಕೆಯೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಗಡಿ ಎಲ್ಲಿದೆ ಎಂದು ಲೆಕ್ಕ ಹಾಕಲೇಬೇಕಾಗಿರುವುದು ಇದಕ್ಕಾಗಿಯೇ.

ಅಂಚನ್ನು ಒಡೆಯುವ ಬಲಗಳು ಎರಡು. ಒಂದು, ಒತ್ತಡದ ಇಳಿಜಾರು. ಉಂಗುರದಂಥ ಪ್ಲಾಸ್ಮಾದ ಹೊರ ಬದಿಯಲ್ಲಿ ಕಾಂತಕ್ಷೇತ್ರ ದುರ್ಬಲವಾಗಿರುತ್ತದೆ, ಅಲ್ಲಿ ಬಲರೇಖೆಗಳು ಬಾಗಿರುವ ರೀತಿಯೂ ಒತ್ತಡಕ್ಕೆ ಅನುಕೂಲವಾಗಿಯೇ ಇರುತ್ತದೆ. ಹಾಗಾಗಿ ಪ್ಲಾಸ್ಮಾ ಆ ಬದಿಯಲ್ಲಿ ಬಲೂನಿನಂತೆ ಉಬ್ಬಲು ನೋಡುತ್ತದೆ, ಬಾಗಲು ಒಪ್ಪದ ಬಲರೇಖೆಗಳು ಅದನ್ನು ತಡೆಹಿಡಿಯುತ್ತವೆ. ಹೀಗೆ ಬೆಳೆಯಬಲ್ಲ ಅಲೆಯಂಥ ಕದಡುವಿಕೆಗೆ ಮೋಡ್ ಎನ್ನುತ್ತೇವೆ, ಇದು ಬಲೂನಿಂಗ್ ಮೋಡ್. ಇನ್ನೊಂದು, ಅಂಚಿನಲ್ಲಿ ಹರಿಯುವ ವಿದ್ಯುತ್ ಪ್ರವಾಹ. ಅದು ಹೆಚ್ಚಾದರೆ ಹೊರಗಿನ ಪದರ ಸಿಪ್ಪೆಯಂತೆ ಸುಲಿದುಕೊಳ್ಳಲು ತೊಡಗುತ್ತದೆ. ಇದು ಪೀಲಿಂಗ್ ಮೋಡ್. ಇವೆರಡೂ ಬೇರೆಬೇರೆಯಾಗಿ ಇದ್ದಿದ್ದರೆ ವಿಷಯ ಸುಲಭವಾಗಿರುತ್ತಿತ್ತು. ಆದರೆ ಒತ್ತಡದ ಇಳಿಜಾರು ಇರುವಲ್ಲಿ, ಬಾಳೆಹಣ್ಣಿನಾಕಾರದ ಪಥಗಳಲ್ಲಿ ಸಿಕ್ಕಿಬಿದ್ದು ಹಿಂದೆಮುಂದೆ ಓಡಾಡುವ ಕಣಗಳ ದೆಸೆಯಿಂದ, ಬೂಟ್‌ಸ್ಟ್ರಾಪ್ ಪ್ರವಾಹ ತಾನಾಗಿಯೇ ಹುಟ್ಟುತ್ತದೆ. ಇಳಿಜಾರು ಕಡಿದಾದಷ್ಟೂ ಈ ಪ್ರವಾಹ ಹೆಚ್ಚು. ಈ ಪ್ರವಾಹ ಪೀಲಿಂಗ್ ಮೋಡ್‌ಗೆ ಬಲ ಕೊಡುತ್ತದೆ. ಅದೇ ಪ್ರವಾಹ, ಪದರದಿಂದ ಪದರಕ್ಕೆ ಬಲರೇಖೆಗಳು ದಿಕ್ಕು ಬದಲಿಸುವ ಪ್ರಮಾಣವನ್ನು, ಅಂದರೆ ಕಾಂತೀಯ ಶಿಯರ್ ಅನ್ನು ತಗ್ಗಿಸಿ, ಅತಿ ಸಣ್ಣ ಅಲೆಯುದ್ದದ ಬಲೂನಿಂಗ್ ಮೋಡ್‌ಗಳನ್ನು ಸುಮ್ಮನಾಗಿಸುತ್ತದೆ. ಒಂದೇ ಪ್ರವಾಹ ಒಂದು ಕಡೆ ಅಂಚನ್ನು ಕೆಡಿಸುತ್ತ ಇನ್ನೊಂದು ಕಡೆ ಕಾಪಾಡುತ್ತದೆ. ಹೀಗಾಗಿ ಕೊನೆಗೆ ಗಡಿಯನ್ನು ನಿರ್ಧರಿಸುವುದು ಈ ಎರಡೂ ಗುಣಗಳು ಬೆರೆತ, ಉಂಗುರದ ಸುತ್ತ ಸುಮಾರು 5ರಿಂದ 30 ಅಲೆಗಳಿರುವ ನಡುವಣ ಮೋಡ್‌ಗಳು. 1990ರ ದಶಕದ ಕೊನೆಯಿಂದ ರೂಪುಗೊಂಡ ಪೀಲಿಂಗ್-ಬಲೂನಿಂಗ್ ಸಿದ್ಧಾಂತದ ತಿರುಳು ಇದು. ಒತ್ತಡದ ಇಳಿಜಾರನ್ನು ಅಡ್ಡ ಅಕ್ಷದಲ್ಲಿಯೂ ಅಂಚಿನ ಪ್ರವಾಹವನ್ನು ಲಂಬ ಅಕ್ಷದಲ್ಲಿಯೂ ಇಟ್ಟು, ಯಾವ ಭಾಗ ಸ್ಥಿರ, ಯಾವ ಭಾಗ ಅಸ್ಥಿರ ಎಂದು ಗೆರೆ ಎಳೆದು, ಪ್ರಯೋಗದ ಬಿಂದು ಎಲ್ಲಿ ಬೀಳುತ್ತದೆ ಎಂದು ನೋಡುವುದೇ ನಮ್ಮ ದಿನನಿತ್ಯದ ಕೆಲಸ.

ಕೆಲಸದ ಕ್ರಮ ಹೀಗಿರುತ್ತದೆ. ಅಳತೆಗಳಿಂದ ಎಲೆಕ್ಟ್ರಾನ್‌ಗಳ ಸಾಂದ್ರತೆ, ಎಲೆಕ್ಟ್ರಾನ್ ಮತ್ತು ಅಯಾನುಗಳ ಉಷ್ಣತೆ ಇವುಗಳ ರೇಖೆಗಳನ್ನು ಪಡೆಯಬೇಕು. ಅವುಗಳಿಂದ ಒಟ್ಟು ಒತ್ತಡವನ್ನೂ ಬೂಟ್‌ಸ್ಟ್ರಾಪ್ ಪ್ರವಾಹವನ್ನೂ ಕಂಡುಹಿಡಿಯಬೇಕು. ಆ ಒತ್ತಡ ಮತ್ತು ಪ್ರವಾಹಕ್ಕೆ ಹೊಂದುವ ಸಮತೋಲವನ್ನು, ಎಂದರೆ ಒತ್ತಡವೂ ಕಾಂತಬಲವೂ ಸರಿದೂಗುವ ಸ್ಥಿತಿಯನ್ನು, ಗ್ರಾಡ್-ಶಾಫ್ರನೋವ್ ಸಮೀಕರಣದಿಂದ ಬಿಡಿಸಬೇಕು. ಬಳಿಕ ಒತ್ತಡ ಮತ್ತು ಪ್ರವಾಹವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ, ಇಳಿಸುತ್ತ ನೂರಾರು ಸಮತೋಲಗಳನ್ನು ತಯಾರಿಸಿ, ಎಲೈಟ್ ಅಥವಾ ಮಿಷ್ಕಾ ಮುಂತಾದ ಪ್ರೋಗ್ರಾಂಗಳಿಂದ ಪ್ರತಿಯೊಂದರಲ್ಲಿಯೂ ಪ್ರತಿ ಮೋಡ್ ಎಷ್ಟು ವೇಗವಾಗಿ ಬೆಳೆಯುತ್ತದೆ ಎಂದು ನೋಡಬೇಕು. ಕೊನೆಯ ಹಂತವೇ ಕಠಿಣವಾದದ್ದು ಎಂದು ನಾನು ಆರಂಭದಲ್ಲಿ ನಂಬಿದ್ದೆ. ನನ್ನ ಮೊದಲ ಎರಡು ತಿಂಗಳು ಅಲ್ಲಿಯೇ ಕಳೆದವು, ತಪ್ಪಿದ್ದದ್ದು ಮಾತ್ರ ಮೊದಲ ಹಂತದಲ್ಲಿ.

ಆ ಎರಡು ತಿಂಗಳು ಪೂರ್ತಿ ವ್ಯರ್ಥವಾಯಿತೆಂದು ಹೇಳಲಾರೆ. ಅಂಚಿನಲ್ಲಿ ಸುರಕ್ಷಾ ಗುಣಾಂಕ, ಅಂದರೆ ಬಲರೇಖೆಯೊಂದು ಅಡ್ಡಸುತ್ತನ್ನು ಒಮ್ಮೆ ಮುಗಿಸುವಷ್ಟರಲ್ಲಿ ಉದ್ದಸುತ್ತನ್ನು ಎಷ್ಟು ಬಾರಿ ಮುಗಿಸುತ್ತದೆ ಎಂಬ ಸಂಖ್ಯೆ, ಬಹಳ ಬೇಗ ಏರುತ್ತದೆ, ಡೈವರ್ಟರ್ ಇರುವ ಯಂತ್ರಗಳಲ್ಲಿ ಗಡಿಮೇಲ್ಮೈಯಾದ ಸೆಪರೇಟ್ರಿಕ್ಸ್‌ನ ಬಳಿ ಅದು ಅನಂತದತ್ತ ಹೋಗುತ್ತದೆ. ಲೆಕ್ಕ ಅನಂತವನ್ನು ತಾಳಲಾರದು, ಆದ್ದರಿಂದ ಒಟ್ಟು ಕಾಂತ ಫ್ಲಕ್ಸ್‌ನ ಶೇ. 99.5ರ ಆಸುಪಾಸಿನಲ್ಲಿ ಪ್ಲಾಸ್ಮಾವನ್ನು ಕತ್ತರಿಸಿ ಅದನ್ನೇ ಅಂಚೆಂದು ಇಟ್ಟುಕೊಳ್ಳುತ್ತೇವೆ. ಎಲ್ಲಿ ಕತ್ತರಿಸಿದೆ ಎಂಬುದರ ಮೇಲೆ ಪೀಲಿಂಗ್ ಮೋಡ್‌ನ ಬೆಳವಣಿಗೆ ಏರುತ್ತ ಇಳಿಯುತ್ತ ಹೋಗುವುದನ್ನು ಕಂಡು ನಾನು ಮೊದಲು ಗಾಬರಿಯಾದೆ. ಬಲರೇಖೆಯ ಸುತ್ತುಗಳು ಮೋಡ್‌ನ ಅಲೆಗಳಿಗೆ ಸರಿಹೊಂದುವ ಅನುರಣನದ ಮೇಲ್ಮೈ ಪ್ಲಾಸ್ಮಾದ ಸ್ವಲ್ಪವೇ ಆಚೆಗೆ ಬಿದ್ದರೆ ಮೋಡ್ ಬಲಗೊಳ್ಳುತ್ತದೆ, ಅದು ಒಳಗೆ ಸರಿದರೆ ಮೆತ್ತಗಾಗುತ್ತದೆ. ಕತ್ತರಿಸುವ ಜಾಗವನ್ನು ಹಲವು ಬಾರಿ ಬದಲಿಸಿ, ಗಡಿರೇಖೆ ಅದಕ್ಕೆ ಜಗ್ಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳದೆ ಯಾವ ನಕ್ಷೆಯನ್ನೂ ಹೊರಗೆ ತೋರಿಸಬಾರದೆಂದು ಅಂದೇ ತೀರ್ಮಾನಿಸಿದೆ. ಜಾಲರಿಯ ವಿಷಯವೂ ಹೀಗೆಯೇ. ಸುರಕ್ಷಾ ಗುಣಾಂಕ 3ರಿಂದ 6ಕ್ಕೆ ಏರುವ ಪದರದಲ್ಲಿ 20 ಅಲೆಗಳ ಒಂದು ಮೋಡ್‌ಗೆ ಅಡ್ಡಸುತ್ತಿನಲ್ಲಿ 60ರಿಂದ 120ರವರೆಗಿನ ಅಂಶಗಳು ಬೇಕು, ಒಂದೊಂದೂ ತನ್ನ ಮೇಲ್ಮೈಯ ಬಳಿ ಮೊನಚಾಗಿರುತ್ತದೆ. ಆದ್ದರಿಂದ ಜಾಲರಿಯ ಬಿಂದುಗಳನ್ನು ಅಂಚಿನ ಕಡೆಗೆ ಒತ್ತೊತ್ತಾಗಿ ಕೂಡಿಸಬೇಕು. ಇಷ್ಟನ್ನೆಲ್ಲ ಸರಿಮಾಡಿದ ಮೇಲೂ ನನ್ನ ಬಿಂದು ಗಡಿಯಿಂದ ದೂರವೇ ಉಳಿಯಿತು.

ಆಗ, ಲೇಸರ್ ಬೆಳಕು ಎಲೆಕ್ಟ್ರಾನ್‌ಗಳಿಂದ ಚದುರುವುದನ್ನು ನೋಡಿ ಅವುಗಳ ಉಷ್ಣತೆಯನ್ನೂ ಸಾಂದ್ರತೆಯನ್ನೂ ಅಳೆಯುವ ಥಾಮ್ಸನ್ ಚದುರಿಕೆಯ ಉಪಕರಣವನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರ ಬಳಿಗೆ ನನ್ನ ರೇಖೆಗಳನ್ನು ಒಯ್ದೆ. ಅವರು ನಕ್ಷೆಯನ್ನು ನೋಡಲೇ ಇಲ್ಲ. "ಈ ರೇಖೆ ಯಾವ ಹೊತ್ತಿನದು ಹೇಳಿ, ಆಮೇಲೆ ಮಾತಾಡೋಣ" ಎಂದರು. ನಾನು ಎರಡು ಸೆಕೆಂಡುಗಳ ನಿಶ್ಚಲ ಅವಧಿಯ ಎಲ್ಲ ಅಳತೆಗಳನ್ನೂ ಕೂಡಿಸಿ ಸರಾಸರಿ ತೆಗೆದಿದ್ದೆ, ಅಳತೆಯ ದೋಷ ಕಡಿಮೆಯಾಗುತ್ತದೆ ಎಂಬ ಒಳ್ಳೆಯ ಉದ್ದೇಶದಿಂದಲೇ. ಆದರೆ ಎರಡು ಎಲ್ಮ್‌ಗಳ ನಡುವೆ ಪೆಡೆಸ್ಟಲ್ ಒಂದೇ ಸಮನೆ ನಿಂತಿರುವುದಿಲ್ಲ. ಎಲ್ಮ್ ಆದ ಕೂಡಲೇ ಅದು ಕುಸಿದು ಮೆತ್ತಗಾಗಿರುತ್ತದೆ, ಆಮೇಲೆ ಮತ್ತೆ ಬೆಳೆಯುತ್ತ ಮುಂದಿನ ಎಲ್ಮ್‌ನ ಹೊತ್ತಿಗೆ ತುದಿ ಮುಟ್ಟುತ್ತದೆ. ಕುಸಿದ ರೇಖೆಯನ್ನೂ ಬೆಳೆದ ರೇಖೆಯನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವ ಮೆತ್ತನೆಯ ರೇಖೆ ಆ ಪ್ಲಾಸ್ಮಾದಲ್ಲಿ ಯಾವ ಕ್ಷಣದಲ್ಲಿಯೂ ಇದ್ದಿರುವುದಿಲ್ಲ. ಅಂಥದ್ದು ಸ್ಥಿರವಾಗಿ ತೋರಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಆ ದಿನದಿಂದ ಅಳತೆಗಳನ್ನು ಎಲ್ಮ್ ಚಕ್ರದ ಹಂತಗಳಿಗೆ ತಕ್ಕಂತೆ ವಿಂಗಡಿಸಲು ತೊಡಗಿದೆ. ಡೈವರ್ಟರ್ ಕಡೆಯಿಂದ ಬರುವ, ಇಂಧನವಾದ ಡ್ಯೂಟೀರಿಯಂ (ಭಾರ ಹೈಡ್ರೋಜನ್) ಪರಮಾಣುಗಳು ಸೂಸುವ ಡಿ-ಆಲ್ಫಾ ಬೆಳಕಿನಲ್ಲಿ ಪ್ರತಿ ಎಲ್ಮ್ ಒಂದು ಮೊನೆಯಾಗಿ ಎದ್ದು ಕಾಣುತ್ತದೆ. ಒಂದು ಮೊನೆಯಿಂದ ಮುಂದಿನ ಮೊನೆಯವರೆಗಿನ ಕಾಲವನ್ನು ನೂರು ಪಾಲು ಮಾಡಿದರೆ, ಲೇಸರ್ ಮಿಂಚಿದ ಪ್ರತಿ ಕ್ಷಣವೂ ಯಾವ ಪಾಲಿನಲ್ಲಿ ಬೀಳುತ್ತದೆಂದು ತಿಳಿಯುತ್ತದೆ. ಶೇ. 80ರಿಂದ 99ರವರೆಗಿನ ಪಾಲಿನಲ್ಲಿ ಬಿದ್ದವುಗಳನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಬದಿಗಿಟ್ಟೆ. ನಮ್ಮ ಲೇಸರ್ ಸೆಕೆಂಡಿಗೆ 20 ಬಾರಿ ಮಾತ್ರ ಮಿಂಚುತ್ತಿತ್ತು, ಹಾಗಾಗಿ ಎರಡು ಸೆಕೆಂಡುಗಳ 40 ಅಳತೆಗಳಲ್ಲಿ ಕೈಯಲ್ಲುಳಿದದ್ದು ಎಂಟೇ ಎಂಟು. ಇಷ್ಟು ಕಡಿಮೆ ಅಳತೆಗಳಿಂದ ರೇಖೆ ಎಳೆಯಲು ಮೊದಲು ಮನಸ್ಸು ಹಿಂಜರಿಯಿತು. ಆದರೆ ಬೇರೆಬೇರೆ ಹೊತ್ತಿನ ನಲವತ್ತನ್ನು ಬೆರೆಸುವುದಕ್ಕಿಂತ ಒಂದೇ ಹೊತ್ತಿನ ಎಂಟನ್ನು ನಂಬುವುದೇ ಸರಿ ಎಂಬ ನಿಲುವಿಗೆ ಬಂದೆ. ಒಂದೇ ಶಾಟ್‌ನಲ್ಲಿ ಸಾಲದಿದ್ದರೆ ಅದೇ ಬಗೆಯ ಶಾಟ್ ಅನ್ನು ಮತ್ತೆ ನಡೆಸುವಂತೆ ಪ್ರಯೋಗದವರನ್ನು ಕೇಳುವುದು ಮೇಲು. ಎಲ್ಮ್‌ಗಳ ನಡುವಿನ ಅವಧಿ ಒಂದೊಂದು ಸಲ ಒಂದೊಂದು ಬಗೆಯಾಗಿರುವ ಶಾಟ್‌ಗಳಲ್ಲಿ ಈ ವಿಂಗಡಣೆಯೂ ಕೈಕೊಡುತ್ತದೆ ಎಂಬುದನ್ನು ಮರೆಯಬಾರದು. ಅಂಥವನ್ನು ನಾನು ವಿಶ್ಲೇಷಣೆಗೆ ಆರಿಸಿಕೊಳ್ಳುವುದೇ ಇಲ್ಲ.

ಈ ಒಂದು ಬದಲಾವಣೆಯಿಂದ ಬಿಂದು ಗಡಿಯ ಕಡೆಗೆ ಅರ್ಧದಾರಿ ಸಾಗಿತು. ಉಳಿದರ್ಧ ದಾರಿ ಅಡಗಿದ್ದದ್ದು ಸೆಪರೇಟ್ರಿಕ್ಸ್‌ನ ಜಾಗದಲ್ಲಿ.

ಥಾಮ್ಸನ್ ಉಪಕರಣ ಅಳೆಯುವುದು ಯಂತ್ರದೊಳಗಿನ ಒಂದು ಜಾಗದ ಉಷ್ಣತೆಯನ್ನು. ಆ ಜಾಗ ಪ್ಲಾಸ್ಮಾದ ಯಾವ ಕಾಂತಮೇಲ್ಮೈಯ ಮೇಲಿದೆ ಎಂದು ಹೇಳುವುದು ಹೊರಗಿನ ಕಾಂತೀಯ ಸುರುಳಿಗಳ ಸಂಕೇತಗಳಿಂದ ಮರುರಚಿಸಿದ ಸಮತೋಲ. ಎರಡರಲ್ಲಿಯೂ ಕೆಲವು ಮಿಲಿಮೀಟರ್‌ಗಳ ತಪ್ಪಿರುವುದು ಸಹಜ. ಒಳಭಾಗದಲ್ಲಿ ಐದು ಮಿಲಿಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ಆದರೆ ನಮ್ಮ ಪೆಡೆಸ್ಟಲ್‌ನ ಅಗಲವೇ ಎರಡು ಸೆಂಟಿಮೀಟರ್, ಅಲ್ಲಿ ಐದು ಮಿಲಿಮೀಟರ್ ಎಂದರೆ ಕಾಲುಭಾಗ. ಅಳತೆಯನ್ನೂ ಸಮತೋಲವನ್ನೂ ಬಂದ ಹಾಗೆಯೇ ನಂಬಿ ನಾನು ರೇಖೆಯನ್ನು ಕೂರಿಸಿದ್ದೆ. ಅದರ ಪ್ರಕಾರ ಸೆಪರೇಟ್ರಿಕ್ಸ್‌ನಲ್ಲಿ ಎಲೆಕ್ಟ್ರಾನ್ ಉಷ್ಣತೆ 25 ಎಲೆಕ್ಟ್ರಾನ್‌ವೋಲ್ಟ್ ಆಗುತ್ತಿತ್ತು. ಅದು ಸಾಧ್ಯವೇ ಎಂದು ಒಮ್ಮೆಯೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ಕೇಳಿಕೊಂಡಿದ್ದರೆ ಉತ್ತರ ಒಂದು ಹಾಳೆಯ ಲೆಕ್ಕದಲ್ಲೇ ಸಿಗುತ್ತಿತ್ತು. ಸೆಪರೇಟ್ರಿಕ್ಸ್ ದಾಟಿದ ಶಕ್ತಿ ಬಲರೇಖೆಗಳ ಗುಂಟ ಎಲೆಕ್ಟ್ರಾನ್‌ಗಳ ವಹನದಿಂದ ಡೈವರ್ಟರ್‌ಗೆ ಇಳಿಯಬೇಕು. ಆ ವಹನಶೀಲತೆ ಉಷ್ಣತೆಯ ಎರಡೂವರೆ ಘಾತಕ್ಕೆ ಅನುಗುಣವಾಗಿದೆ, ಹಾಗಾಗಿ ಮೇಲಿನ ತುದಿಯ ಉಷ್ಣತೆ ಶಕ್ತಿಪ್ರವಾಹದ ಏಳರಲ್ಲಿ ಎರಡನೆಯ ಘಾತದಂತೆ ಮಾತ್ರ ಬದಲಾಗುತ್ತದೆ. ಶಕ್ತಿ ಎರಡು ಪಟ್ಟಾದರೂ ಉಷ್ಣತೆ ಶೇ. 22ರಷ್ಟೇ ಏರುತ್ತದೆ. ಶಕ್ತಿಯ ಪ್ರಮಾಣ ಅಷ್ಟು ನಿಖರವಾಗಿ ಗೊತ್ತಿಲ್ಲದಿದ್ದರೂ ಉಷ್ಣತೆಯನ್ನು ನಂಬಿಕೆಯಿಂದ ಹೇಳಬಹುದಾದದ್ದು ಈ ಕಾರಣದಿಂದ. ನಮ್ಮಂಥ ಯಂತ್ರದಲ್ಲಿ ಅದು ಸುಮಾರು 100 ಎಲೆಕ್ಟ್ರಾನ್‌ವೋಲ್ಟ್ ಇರಬೇಕು, ಎಂದರೆ ಹನ್ನೊಂದೂವರೆ ಲಕ್ಷ ಕೆಲ್ವಿನ್. 25 ಎಂದು ಬಂದಿದ್ದರ ಅರ್ಥ, ಇಡೀ ರೇಖೆಯನ್ನು ನಾನು ಒಳಗಡೆ ಸರಿಸಿ ಕೂರಿಸಿಬಿಟ್ಟಿದ್ದೆ ಎಂದು. ಉಷ್ಣತೆ 100 ಬರುವಷ್ಟು, ಎಂದರೆ ಸುಮಾರು ಐದು ಮಿಲಿಮೀಟರ್, ರೇಖೆಯನ್ನು ಹೊರಗೆ ಸರಿಸಿದೆ. ಕಡಿದಾದ ಇಳಿಜಾರು ಸೆಪರೇಟ್ರಿಕ್ಸ್‌ಗೆ ಹತ್ತಿರವಾದಷ್ಟೂ ಅಂಚು ತಡೆದುಕೊಳ್ಳುವ ಒತ್ತಡ ಇಳಿಯುತ್ತದೆ. ಇಲ್ಲಿ ಹಾಗೆಯೇ ಆಯಿತು: ಬಿಂದು ಹೆಚ್ಚು ಚಲಿಸಲಿಲ್ಲ, ಗಡಿಯೇ ಇಳಿದುಬಂದು ಬಿಂದುವನ್ನು ಮುಟ್ಟಿತು. ಆ ಸಂಜೆ ಪರದೆಯ ಮೇಲೆ ಅದನ್ನು ಕಂಡಾಗ ಆದ ಸಂತೋಷ ನನಗಿನ್ನೂ ನೆನಪಿದೆ. ಅದರ ಜೊತೆಯಲ್ಲೇ, ಬೇಕಾದ ಉತ್ತರ ಬರುವವರೆಗೆ ರೇಖೆಯನ್ನು ಸರಿಸಿದೆನೇ ಎಂಬ ಅನುಮಾನವೂ ಎದ್ದಿತು. ಸರಿಸುವ ಅಳತೆಯನ್ನು ಸ್ಥಿರತೆಯ ಫಲಿತಾಂಶ ನೋಡಿ ನಿರ್ಧರಿಸದೆ, ಅದಕ್ಕೆ ಸಂಬಂಧವೇ ಇಲ್ಲದ ಉಷ್ಣವಹನದ ಲೆಕ್ಕದಿಂದ ಮೊದಲೇ ನಿರ್ಧರಿಸಿದ್ದೆ ಎಂಬುದೊಂದೇ ನನಗಿದ್ದ ಸಮಾಧಾನ. ಇಂದಿಗೂ ಈ ಕ್ರಮವನ್ನು ನಾನು ಮುರಿಯುವುದಿಲ್ಲ. ನಕ್ಷೆ ತೆರೆಯುವ ಮೊದಲೇ ಸರಿಸುವಿಕೆಯನ್ನು ದಾಖಲಿಸಿಡುತ್ತೇನೆ.

ಅಯಾನುಗಳ ವಿಷಯವನ್ನೂ ಹೇಳಬೇಕು, ಏಕೆಂದರೆ ಒತ್ತಡದ ಅರ್ಧಪಾಲು ಅವುಗಳದ್ದು. ಎಲೆಕ್ಟ್ರಾನ್ ಉಷ್ಣತೆಯನ್ನೇ ಅಯಾನು ಉಷ್ಣತೆಯೆಂದು ಇಟ್ಟುಕೊಳ್ಳುವ ರೂಢಿ ಹಲವರಲ್ಲಿದೆ, ನಾನೂ ಹಾಗೆಯೇ ಮಾಡುತ್ತಿದ್ದೆ. ಡಿಕ್ಕಿಗಳು ಹೆಚ್ಚಿರುವ ದಟ್ಟ ಅಂಚಿನಲ್ಲಿ ಅದು ನಡೆಯುತ್ತದೆ, ತೆಳುವಾದ ಬಿಸಿ ಅಂಚಿನಲ್ಲಿ ಅಯಾನುಗಳ ರೇಖೆ ಬೇರೆಯೇ ಆಗಿರುತ್ತದೆ. ತಟಸ್ಥ ಕಣಗಳ ಕಿರಣದೊಡನೆ ವಿದ್ಯುದಾವೇಶ ವಿನಿಮಯ ಮಾಡಿಕೊಂಡ ಕಶ್ಮಲ ಅಯಾನುಗಳ ಬೆಳಕನ್ನು ಅಳೆದು ಪಡೆದ ಉಷ್ಣತೆ ಇದ್ದರೆ ಅದನ್ನೇ ಬಳಸಬೇಕು. ಕಶ್ಮಲಗಳು ಇಂಧನದ ಅಯಾನುಗಳ ಸಂಖ್ಯೆಯನ್ನೂ ಕಡಿಮೆ ಮಾಡುತ್ತವೆ. ಅಯಾನುಗಳ ಆವೇಶದ ಒಂದು ಬಗೆಯ ಸರಾಸರಿಯಾದ ಪರಿಣಾಮಕಾರಿ ಆವೇಶ 2 ಎಂದೂ ಕಶ್ಮಲವೆಲ್ಲ ಇಂಗಾಲವೆಂದೂ ಹಿಡಿದರೆ ಡ್ಯೂಟೀರಿಯಂ ಎಲೆಕ್ಟ್ರಾನ್ ಸಾಂದ್ರತೆಯ ಶೇ. 80ಕ್ಕೆ ಇಳಿಯುತ್ತದೆ. ಅದೇ ಆವೇಶ ಡಿಕ್ಕಿಗಳನ್ನು ಹೆಚ್ಚಿಸಿ ಬೂಟ್‌ಸ್ಟ್ರಾಪ್ ಪ್ರವಾಹವನ್ನೂ ತಗ್ಗಿಸುತ್ತದೆ. ನಾನು ಈ ಪ್ರವಾಹಕ್ಕೆ ಸೌಟರ್ ಮತ್ತು ಸಂಗಡಿಗರು 1999ರಲ್ಲಿ ಕೊಟ್ಟ ಸೂತ್ರವನ್ನು ಬಳಸುತ್ತ ಬಂದಿದ್ದೇನೆ. ಡಿಕ್ಕಿಗಳು ಬಹಳ ಹೆಚ್ಚಿರುವ ಅಂಚಿನಲ್ಲಿ ಅದು ಪ್ರವಾಹವನ್ನು ಹೆಚ್ಚಾಗಿ ತೋರಿಸುತ್ತದೆ, ಅಲ್ಲಿ ತಿದ್ದಿದ ಸೂತ್ರ ಬೇಕು.

ಬೆಳವಣಿಗೆಯ ವೇಗ ಸೊನ್ನೆಯನ್ನು ದಾಟಿದ ಕೂಡಲೇ ಅಸ್ಥಿರ ಎನ್ನುವುದು ಸರಿಯಲ್ಲ. ಸಣ್ಣ ಅಲೆಯುದ್ದದ ಮೋಡ್‌ಗಳನ್ನು, ಒತ್ತಡದ ಇಳಿಜಾರಿನಿಂದ ಹುಟ್ಟುವ ಅಯಾನುಗಳ ಡಯಾಮ್ಯಾಗ್ನೆಟಿಕ್ ಚಲನೆ ಅಡಗಿಸುತ್ತದೆ, ನಾವು ಬಳಸುವ ಸರಳ ಮಾದರಿಯಲ್ಲಿ ಅದು ಇರುವುದಿಲ್ಲ. ಬಲರೇಖೆಗಳು ತಂತಿಯಂತೆ ಕಂಪಿಸುವ ಆಲ್ಫ್ವೆನ್ ಆವರ್ತನದ ಶೇ. 3 ದಾಟಿದರೆ ಅಸ್ಥಿರ ಎನ್ನುವುದು ಒಂದು ರೂಢಿ, ಡಯಾಮ್ಯಾಗ್ನೆಟಿಕ್ ಆವರ್ತನದ ಅರ್ಧವನ್ನು ದಾಟಬೇಕೆನ್ನುವುದು ಇನ್ನೊಂದು. ಎರಡನೆಯದು ಹೆಚ್ಚು ಭೌತಿಕವಾದದ್ದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲೆಗಳ ಸಂಖ್ಯೆ ಹೆಚ್ಚಿದಂತೆ ಅದರ ಪಟ್ಟು ಬಿಗಿಯಾಗುತ್ತದೆ. ಯಾವುದನ್ನು ಬಳಸಿದೆ ಎಂದು ನಕ್ಷೆಯ ಮೇಲೆಯೇ ಬರೆದಿರಬೇಕು.

ಕ್ರಮ ಸರಿಯಾದ ಮೇಲೆ ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಎಲ್ಮ್ ಚಕ್ರದ ಉದ್ದಕ್ಕೂ ಬಿಂದುವಿನ ಜಾಡು ಹಿಡಿದದ್ದು. ಎಲ್ಮ್ ಆದ ಕೂಡಲೇ ಬಿಂದು ಸ್ಥಿರ ವಲಯದ ಒಳಗೆ ಇಳಿದಿತ್ತು, ಇಳಿಜಾರು ಬಲುಬೇಗ ಮತ್ತೆ ಕಡಿದಾಯಿತು. ಆಮೇಲೆ ಇಳಿಜಾರು ಬಹುಪಾಲು ಅಲ್ಲಿಯೇ ನಿಂತು, ಪೆಡೆಸ್ಟಲ್ ಒಳಮುಖವಾಗಿ ಅಗಲವಾಗತೊಡಗಿತು. ಅಗಲ ಹೆಚ್ಚಿದಂತೆ ಗಡಿ ಇಳಿದು, ನಿಂತಿದ್ದ ಬಿಂದುವನ್ನು ಸೇರಿತು. ಫಿಲಿಪ್ ಸ್ನೈಡರ್ ಮತ್ತು ಸಂಗಡಿಗರು 2009ರಲ್ಲಿ ಮುಂದಿಟ್ಟ ಈಪೆಡ್ ಮಾದರಿಯ ಹಿಂದಿರುವ ಚಿತ್ರಕ್ಕೆ ಇದು ಹೊಂದುತ್ತದೆ. ಆ ಮಾದರಿಯಲ್ಲಿ ಇಳಿಜಾರನ್ನು ಹಿಡಿದಿಡುವುದು ಚಲನ ಬಲೂನಿಂಗ್ ಮೋಡ್‌ಗಳು (ಕಣಗಳ ಚಲನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಬಲೂನಿಂಗ್ ಮೋಡ್‌ಗಳು), ಎತ್ತರಕ್ಕೆ ಮಿತಿ ಹಾಕುವುದು ಪೀಲಿಂಗ್-ಬಲೂನಿಂಗ್ ಮೋಡ್‌ಗಳು. ಫ್ಲಕ್ಸ್‌ನ ಅಳತೆಯಲ್ಲಿ ಪೆಡೆಸ್ಟಲ್‌ನ ಅಗಲ, ಅಲ್ಲಿನ ಪೊಲಾಯ್ಡಲ್ ಬೀಟಾದ (ಪ್ಲಾಸ್ಮಾದ ಒತ್ತಡಕ್ಕೂ ಅಡ್ಡಸುತ್ತಿನ ಕಾಂತಕ್ಷೇತ್ರದ ಒತ್ತಡಕ್ಕೂ ಇರುವ ಅನುಪಾತದ) ವರ್ಗಮೂಲವನ್ನು 0.076ರಿಂದ ಗುಣಿಸಿದಷ್ಟಿರುತ್ತದೆ. ಪೊಲಾಯ್ಡಲ್ ಬೀಟಾ 0.25 ಇದ್ದರೆ ಅಗಲ ಶೇ. 3.8 ಆಗುತ್ತದೆ. ಎರಡು ಗೆರೆಗಳು ಕೂಡುವಲ್ಲಿ ಎತ್ತರವೂ ಅಗಲವೂ ಒಟ್ಟಿಗೆ ಸಿಗುತ್ತವೆ. ಅಡ್ಡಸೀಳಿನ ತ್ರಿಕೋನತೆಯನ್ನು ಹೆಚ್ಚಿಸಿದ ಶಾಟ್‌ಗಳಲ್ಲಿ ಸ್ಥಿರ ವಲಯದ ಮೇಲ್ತುದಿ ಮೂಗಿನಂತೆ ಮುಂದಕ್ಕೆ ಚಾಚಿ, ಪೀಠ ಎತ್ತರವಾದದ್ದನ್ನೂ ಇದೇ ನಕ್ಷೆಗಳಲ್ಲಿ ಕಂಡೆ.

ಅನುರಣನದ ಕಾಂತೀಯ ಕದಡುವಿಕೆಯಿಂದ, ಎಂದರೆ ಸುರುಳಿಗಳಿಂದ ಅಂಚಿನ ಕಾಂತಕ್ಷೇತ್ರವನ್ನು ಸ್ವಲ್ಪ ಕದಡಿ, ಎಲ್ಮ್‌ಗಳನ್ನು ನಿಲ್ಲಿಸಿದ ಶಾಟ್‌ಗಳನ್ನು ಅನಂತರ ಕೈಗೆತ್ತಿಕೊಂಡೆ. ಸ್ಯಾನ್ ಡಿಯಾಗೊದ ಡಿ-ಮೂರು-ಡಿ ಯಂತ್ರದಲ್ಲಿ ಎಲ್ಮ್‌ಗಳನ್ನು ಹೀಗೆ ಅಡಗಿಸಿದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು, 2011ರಲ್ಲಿ ದಕ್ಷಿಣ ಕೊರಿಯಾದ ಕೆಸ್ಟಾರ್‌ನಲ್ಲಿಯೂ ಸಾಧ್ಯವಾಯಿತು, ಐಟರ್‌ಗೂ ಇದಕ್ಕೆಂದೇ ಪಾತ್ರೆಯೊಳಗೆ 27 ಸುರುಳಿಗಳನ್ನು ಯೋಜಿಸಲಾಗಿದೆ. ಸುರುಳಿಗಳಿಗೆ ಪ್ರವಾಹ ಕೊಟ್ಟಾಗ ಅಂಚಿನ ಸಾಂದ್ರತೆ ಇಳಿಯುತ್ತದೆ, ಪೆಡೆಸ್ಟಲ್ ಒಳಕ್ಕೆ ಅಗಲವಾಗುವುದು ನಿಲ್ಲುತ್ತದೆ, ನಕ್ಷೆಯಲ್ಲಿ ಬಿಂದು ಸ್ಥಿರ ವಲಯದೊಳಗೆ ಉಳಿಯುತ್ತದೆ. ನಾನು ನೋಡಿದ ಶಾಟ್‌ಗಳಲ್ಲಿ ಹೆಚ್ಚಿನವು ಹೀಗೆಯೇ ಇದ್ದವು. ಆದರೆ ನನ್ನ ಸಮತೋಲಗಳು ಉಂಗುರದ ಸುತ್ತ ಒಂದೇ ರೂಪದವು, ಕದಡಿದ ಪ್ಲಾಸ್ಮಾ ಹಾಗಿರುವುದಿಲ್ಲ. ಆದ್ದರಿಂದ ಅಲ್ಲಿಯ ಹೊಂದಾಣಿಕೆಗೆ ನಾನು ಕೊಡುವ ತೂಕ ಕಡಿಮೆ.

ಕೆಲವು ಶಾಟ್‌ಗಳು ಏನು ಮಾಡಿದರೂ ಗಡಿಯನ್ನು ಮುಟ್ಟಲಿಲ್ಲ, ಮತ್ತು ಅವು ಒಂದೇ ಗುಂಪಿನವು: ಡ್ಯೂಟೀರಿಯಂ ಅನಿಲವನ್ನು ಹೆಚ್ಚಾಗಿ ಊದಿದವು. ಹಂತವಾರು ವಿಂಗಡಣೆಯನ್ನೂ ಸೆಪರೇಟ್ರಿಕ್ಸ್‌ನ ಜಾಗವನ್ನೂ ಮತ್ತೆಮತ್ತೆ ಪರೀಕ್ಷಿಸಿದೆ. ಇಂಗ್ಲೆಂಡಿನ ಜೆಟ್ ಯಂತ್ರದ ಒಳಗೋಡೆಯನ್ನು ಇಂಗಾಲದಿಂದ ಬೆರಿಲಿಯಂ ಮತ್ತು ಟಂಗ್‌ಸ್ಟನ್‌ಗೆ ಬದಲಿಸಿ 2011ರಲ್ಲಿ ಪ್ರಯೋಗಗಳು ಶುರುವಾದ ಮೇಲೆ ಅಲ್ಲಿಯೂ ಇದೇ ಕಂಡುಬಂದಿತ್ತು. ಟಂಗ್‌ಸ್ಟನ್ ಒಳಗೆ ಸೇರದಂತೆ ಅನಿಲವನ್ನು ಹೆಚ್ಚು ಊದಬೇಕಾಯಿತು, ಪೆಡೆಸ್ಟಲ್‌ನ ಉಷ್ಣತೆ ಇಳಿಯಿತು, ಎಲ್ಮ್‌ಗಳು, ವಿದ್ಯುತ್ ರೋಧವನ್ನು ಲೆಕ್ಕಿಸದ ಆದರ್ಶ ಮಾದರಿಯ ಗಡಿಗಿಂತ ಎಷ್ಟೋ ಕೆಳಗೇ ಸಿಡಿದವು. ಅಂಚು ತಣ್ಣಗಾದಾಗ ವಿದ್ಯುತ್ ರೋಧ ಹೆಚ್ಚುತ್ತದೆ, ಬಲರೇಖೆಗಳು ಪ್ಲಾಸ್ಮಾಕ್ಕೆ ಅಂಟಿಕೊಂಡೇ ಇರಬೇಕೆಂಬ ಆದರ್ಶ ಮಾದರಿಯ ನಿಯಮ ಸಡಿಲವಾಗುತ್ತದೆ. ಅದರ ಜೊತೆಗೆ ಸಾಂದ್ರತೆಯ ರೇಖೆ ಉಷ್ಣತೆಯ ರೇಖೆಗಿಂತ ಹೊರಗೆ ಸರಿಯುತ್ತದೆ. ಎಲೆಕ್ಟ್ರಾನ್ ಉಷ್ಣತೆಯನ್ನು 100ಕ್ಕೆ ಕೂರಿಸಿ ಎರಡೂ ರೇಖೆಗಳನ್ನು ಒಟ್ಟಿಗೆ ಸರಿಸುವಾಗ ನಾನು ಈ ಅಂತರವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆಯೇ, ಅಥವಾ ಎರಡಕ್ಕೂ ಒಂದೇ ಆಕಾರ ಹೊಂದಿಸುವ ಆತುರದಲ್ಲಿ ಅದನ್ನು ಅಳಿಸಿಹಾಕಿದ್ದೇನೆಯೇ ಎಂದು ಹಳೆಯ ಶಾಟ್‌ಗಳನ್ನು ತೆರೆದು ನೋಡಿದೆ. ಮೂರರಲ್ಲಿ ಅಳಿಸಿಹಾಕಿದ್ದೆ. ಸರಿಪಡಿಸಿದ ಮೇಲೆ ಆ ಮೂರರಲ್ಲಿ ಒಂದು ಗಡಿಯನ್ನು ಸೇರಿತು, ಉಳಿದೆರಡು ಹತ್ತಿರ ಬಂದರೂ ಸೇರಲಿಲ್ಲ.

ಈಗ ಪ್ರತಿ ಶಾಟ್‌ಗೂ ಒಂದೇ ನಕ್ಷೆ ತಯಾರಿಸುವುದನ್ನು ಬಿಟ್ಟಿದ್ದೇನೆ. ಸರಿಸುವಿಕೆಯನ್ನು ಎರಡು ಮಿಲಿಮೀಟರ್ ಅತ್ತಿತ್ತ, ಪರಿಣಾಮಕಾರಿ ಆವೇಶವನ್ನು ಅಳತೆಯ ದೋಷದಷ್ಟು ಮೇಲೆ ಕೆಳಗೆ, ರೇಖೆಯನ್ನು ಅಳತೆಗಳ ಹರಡಿಕೆಯೊಳಗೆ ಬೇರೆಬೇರೆಯಾಗಿ ಇಟ್ಟು ಹಲವು ಡಜನ್ ನಕ್ಷೆಗಳನ್ನು ತಯಾರಿಸುತ್ತೇನೆ. ಬಿಂದು ಆಗ ಒಂದು ಚುಕ್ಕೆಯಾಗಿ ಉಳಿಯದೆ ಮಸುಕಾದ ಮೋಡವಾಗುತ್ತದೆ, ಗಡಿಯೂ ಗೆರೆಯಾಗಿ ಉಳಿಯದೆ ಪಟ್ಟಿಯಾಗುತ್ತದೆ. ಅನಿಲ ಊದಿದ ಆ ಎರಡು ಶಾಟ್‌ಗಳಲ್ಲಿ ಮೋಡ ಮತ್ತು ಪಟ್ಟಿಯ ನಡುವೆ ಇನ್ನೂ ಬಯಲು ಉಳಿದಿದೆ. ವಿದ್ಯುತ್ ರೋಧವನ್ನು ಒಳಗೊಂಡ ಪ್ರೋಗ್ರಾಂನಿಂದ ಅವುಗಳನ್ನೇ ಮತ್ತೆ ಲೆಕ್ಕ ಹಾಕುತ್ತಿದ್ದೇನೆ. ಮೊದಲನೆಯದರಲ್ಲಿ, ಆದರ್ಶ ಮಾದರಿಯಲ್ಲಿ ಸುಮ್ಮನಿದ್ದ ಕೆಲವು ಮೋಡ್‌ಗಳು ಅಳೆದ ರೋಧಕ್ಕೆ ಬೆಳೆಯತೊಡಗಿವೆ. ಎರಡನೆಯದರ ಲೆಕ್ಕ ಇನ್ನೂ ನಡೆಯುತ್ತಿದೆ.